ಕಲ್ಲಿನ ಕೊನೆಯ ಸಾಲು: ನಂದಿ ಸೀಮೆಯ ಪಠ್ಯಗಳಲ್ಲಿ ಯುದ್ಧದ ಸಮರ್ಥನೆ ಮತ್ತು ಫಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಸೇರಿವೆ. ಆ ಸಂಪುಟವನ್ನು ಮೊದಲಿನಿಂದ ಓದುತ್ತ ಹೋದವರಿಗೆ ಒಂದು ಸಂಗತಿ ಬಹು ಬೇಗ ಮನದಟ್ಟಾಗುತ್ತದೆ. ಅಲ್ಲಿನ ಬರಹದ ಗಣನೀಯ ಭಾಗ ಸತ್ತವರನ್ನು ಕುರಿತದ್ದು. ಅವರಲ್ಲಿ ಅನೇಕರು ಕಾದಿ ಸತ್ತವರು. ಕೆರೆಯ ಏರಿಯ ಮೇಲೆ, ಊರ ಮುಂದಣ ತೋಪಿನಲ್ಲಿ, ಹೊಲದ ಬದುವಿನಲ್ಲಿ ಇಂದಿಗೂ ನಿಂತಿರುವ ವೀರಗಲ್ಲುಗಳು ಈ ನಾಡಿನ ಅತ್ಯಂತ ಹಳೆಯ ಯುದ್ಧ ಸಾಹಿತ್ಯ. ಅವುಗಳನ್ನು ಇತಿಹಾಸಕಾರರು ರಾಜರ ಹೆಸರುಗಳಿಗಾಗಿಯೂ ಭಾಷಾಶಾಸ್ತ್ರಜ್ಞರು ಹಳಗನ್ನಡದ ರೂಪಗಳಿಗಾಗಿಯೂ ಕಲಾವಿಮರ್ಶಕರು ಶಿಲ್ಪಕ್ಕಾಗಿಯೂ ಓದಿದ್ದಾರೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', ಆರ್. ಶೇಷಶಾಸ್ತ್ರಿಗಳ 'ಕರ್ನಾಟಕದ ವೀರಗಲ್ಲುಗಳು', ಎಸ್. ಶೆಟ್ಟರ್ ಅವರು ಸೊಂಥೈಮರ್ ಅವರೊಡನೆ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಇವು ಈ ಕ್ಷೇತ್ರದ ತಳಹದಿಯಾಗಿವೆ. ಆದರೆ ಈ ಪುಟ್ಟ ಬರಹಗಳನ್ನು ವಾದಗಳೆಂದು, ಅಂದರೆ ಯುದ್ಧವೊಂದು ಏಕೆ ನಡೆಯಿತು, ಅದರಿಂದ ಯಾರಿಗೆ ಏನು ದಕ್ಕಿತು ಎಂಬುದನ್ನು ಸಮರ್ಥಿಸುವ ಪಠ್ಯಗಳೆಂದು ಓದಿದ್ದು ಕಡಿಮೆ. ಪ್ರಸ್ತುತ ಲೇಖನ ಆ ಬಗೆಯ ಒಂದು ಓದು.

ವೀರಗಲ್ಲಿನ ಬರಹ ಸಾಮಾನ್ಯವಾಗಿ ಒಂದು ಕ್ರಮವನ್ನು ಅನುಸರಿಸುತ್ತದೆ. ಆಳುವ ಅರಸನ ಹೆಸರು, ಕಾಳಗದ ಕಾರಣ, ಕಾದಿದವನ ಹೆಸರು, ಆತ ಸತ್ತನೆಂಬ ಕ್ರಿಯಾಪದ. ಕೆಲವದರಲ್ಲಿ ಮಾತ್ರ ಆ ಬಳಿಕ ಭೂಮಿಯ ಕೊಡಗೆ, ಅದರ ಹಿಂದೆಯೇ ಶಾಪಾಶಯ. ನಮ್ಮ ವಿಮರ್ಶೆ ಮೊದಲ ಸಾಲುಗಳಲ್ಲಿ ವೀರ್ಯವನ್ನು ಕಂಡು ಪುಳಕಗೊಂಡು, ಕೊನೆಯ ಸಾಲುಗಳನ್ನು ಭೂಕಂದಾಯದ ಇತಿಹಾಸಕಾರರಿಗೆ ಬಿಟ್ಟುಕೊಟ್ಟಿದೆ. ಕೊನೆಯ ಸಾಲಿನಿಂದ ಹಿಂದಕ್ಕೆ ಓದಿದರೆ ಪಠ್ಯದ ಅರ್ಥವೇ ಬೇರೆಯಾಗುತ್ತದೆ ಎಂಬುದು ನನ್ನ ಗ್ರಹಿಕೆ.

ಮೊದಲಿಗೆ ಕಾರಣಗಳನ್ನು ನೋಡಬೇಕು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನ ಹೋಯಿತು, ಊರು ಹಾಳಾಯಿತು, ಹೆಣ್ಣು ಮೊರೆಯಿಟ್ಟಳು. ಆಗ ಒಬ್ಬ ಎದ್ದು ನಿಂತ. ಮಳೆಯನ್ನೇ ನಂಬಿದ, ಸದಾ ಹರಿಯುವ ಹೊಳೆಯಿಲ್ಲದ ಈ ಬಯಲು ಸೀಮೆಯಲ್ಲಿ ದನವೆಂದರೆ ಉಳುಮೆ, ಗೊಬ್ಬರ, ಹಾಲು ಎಲ್ಲವೂ. ಮಂದೆಯನ್ನು ಕಳೆದುಕೊಂಡ ಊರು ಮುಂದಿನ ಮಳೆಗೆ ಬಿತ್ತಲಾರದು. ಹೀಗಾಗಿ ತುರುವನ್ನು ಮರಳಿಸಲು ಹೋಗಿ ಮಡಿದವನ ಕಾಳಗಕ್ಕೆ ಬೇರೊಂದು ಸಮರ್ಥನೆ ಬೇಕಿಲ್ಲ. ಎಲ್ಲ ಯುದ್ಧವೂ ಅನ್ಯಾಯವೆಂದು ಒಂದೇ ಉಸಿರಿನಲ್ಲಿ ಹೇಳುವವರು ಈ ಕಲ್ಲುಗಳ ಮುಂದೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ತನ್ನ ಮಂದೆಗಾಗಿ, ತನ್ನ ಓಣಿಯ ಹೆಣ್ಣುಮಗಳಿಗಾಗಿ ಬಿಲ್ಲು ಹಿಡಿದವನನ್ನು ನಾನಂತೂ ತಪ್ಪಿತಸ್ಥನೆನ್ನಲಾರೆ. ಆದರೆ ಇಷ್ಟಕ್ಕೇ ನಿಲ್ಲುವಂತಿಲ್ಲ. ತುರುವನ್ನು ಬಿಡಿಸಲು ಹೋಗಿ ಸತ್ತವನಿಗೆ ನಿಂತಂತೆ ತುರುವನ್ನು ಹಿಡಿಯಲು ಹೋಗಿ ಸತ್ತವನಿಗೂ ಕಲ್ಲು ನಿಂತ ನಿದರ್ಶನಗಳು ಕರ್ನಾಟಕದಲ್ಲಿವೆ. ಒಂದೂರಿನ ಕಳ್ಳ ಇನ್ನೊಂದೂರಿನ ಕಲಿ. ಅಂದರೆ ರಕ್ಷಣೆಯ ಭಾಷೆ ನಿಜವಾದ ರಕ್ಷಕನಿಗೆ ಎಷ್ಟು ಒದಗುತ್ತದೆಯೋ ಸುಲಿಗೆಗಾರನಿಗೂ ಅಷ್ಟೇ ಒದಗುತ್ತದೆ. ಸಮರ್ಥನೆಯ ಸಮಸ್ಯೆ ಆರಂಭವಾಗುವುದು ಇಲ್ಲಿಂದ.

ಅದು ಬೆಳೆಯುವುದು ಅರಸರ ಯುದ್ಧಗಳಲ್ಲಿ. 8ರಿಂದ 10ನೆಯ ಶತಮಾನದವರೆಗೆ ಈ ಸೀಮೆ ಗಂಗರು, ನೊಳಂಬರು, ಬಾಣರು, ವೈದುಂಬರು ಎಂಬ ನಾಲ್ಕು ಮನೆತನಗಳ ಎಲ್ಲೆಗಳು ಒಂದರ ಮೇಲೊಂದು ಬಿದ್ದಿದ್ದ ನೆಲ. ಮೇಲಿನಿಂದ ರಾಷ್ಟ್ರಕೂಟರ ಹಿಡಿತ ಬೇರೆ. ನಂದಿಯ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ 9ನೆಯ ಶತಮಾನದ ಆದಿಭಾಗದ ದಾಖಲೆಗಳಲ್ಲಿಯೇ ನೊಳಂಬ, ರಾಷ್ಟ್ರಕೂಟ, ಬಾಣ ಹೆಸರುಗಳು ಒಟ್ಟಿಗೆ ಸಿಗುತ್ತವೆ. ದೇವರು ಒಬ್ಬನೇ, ದಾನ ಕೊಟ್ಟವರು ಪರಸ್ಪರ ಕಾದಾಡುತ್ತಿದ್ದ ಮನೆತನಗಳವರು. 9ನೆಯ ಶತಮಾನದಲ್ಲಿ ಚಿಂತಾಮಣಿಯ ಪೂರ್ವಕ್ಕಿರುವ ಗಡಿಯಾಚೆಯ ಮದನಪಲ್ಲಿ ಪ್ರದೇಶದ ಹಲವು ವೀರಗಲ್ಲುಗಳು ಸೋರೆಮಡಿ ಎಂಬಲ್ಲಿ ನಡೆದ ಕಾಳಗವನ್ನು ನೆನೆಯುತ್ತವೆ. ವೈದುಂಬ ಗಂಡತ್ರಿಣೇತ್ರನೂ ಬಾಣರೂ ಒಂದು ಕಡೆ, ನೊಳಂಬ ಮತ್ತು ಗಂಗರು ಇನ್ನೊಂದು ಕಡೆ. ಈ ಕಲ್ಲುಗಳಲ್ಲಿ ತುರುವಿನ ಮಾತಿಲ್ಲ. ಅರಸ ಬೆಸಸಿದ, ಇವನು ಹೋದ, ಸತ್ತ. ಅರಸರ ಕಾಳಗದ ಕಲ್ಲುಗಳಲ್ಲಿ ಕಾರಣದ ಸ್ಥಾನವನ್ನು ಬೆಸ ಎಂಬ ಒಂದೇ ಪದ ಆಕ್ರಮಿಸುತ್ತದೆ. ಅಪ್ಪಣೆಯೇ ಕಾರಣ. ತುರುಗೋಳಿನ ಕಲ್ಲು ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಬೆಸದ ಕಲ್ಲು ಆ ಪ್ರಶ್ನೆಯನ್ನೇ ಎತ್ತಗೊಡುವುದಿಲ್ಲ. ಹೊರನೋಟಕ್ಕೆ ಎರಡೂ ಒಂದೇ ಆಕಾರದ ಕಲ್ಲುಗಳು, ಒಂದೇ ಬಗೆಯ ಅಪ್ಸರೆಯರು, ಒಂದೇ ಬಗೆಯ ಕೈಲಾಸ. ಪ್ರಭುತ್ವ ಊರಿನ ಕಾಳಗದಿಂದ ಎರವಲು ಪಡೆದದ್ದು ಈ ಶಿಲ್ಪದ ಗೌರವವನ್ನು. ಮಂದೆಯನ್ನು ಕಾದವನಿಗೆ ಸಂದ ಮರ್ಯಾದೆ, ಮಂದೆಗೂ ತನಗೂ ಸಂಬಂಧವಿಲ್ಲದ ಜಗಳದಲ್ಲಿ ಸತ್ತವನ ಮೇಲೂ ಹೊದಿಸಲ್ಪಟ್ಟಿತು.

ಕರ್ನಾಟಕದ ಅನೇಕ ವೀರಗಲ್ಲುಗಳ ಮೇಲೆ ಒಂದು ಸಂಸ್ಕೃತ ಶ್ಲೋಕ ಕಾಣಸಿಗುತ್ತದೆ. ಗೆದ್ದವನಿಗೆ ಸಂಪತ್ತು, ಸತ್ತವನಿಗೆ ದೇವಲೋಕದ ಹೆಣ್ಣು. ದೇಹವೋ ಕ್ಷಣಿಕ, ಹಾಗಿರುವಾಗ ರಣದಲ್ಲಿ ಸಾಯುವ ಚಿಂತೆ ಏಕೆ ಎಂಬುದು ಅದರ ತಾತ್ಪರ್ಯ. ಇದನ್ನು ವೀರಧರ್ಮದ ಸಾರವೆಂದು ಉದ್ಧರಿಸುವುದು ವಾಡಿಕೆ. ಗಮನಿಸಬೇಕಾದುದು ಅದರ ಕ್ರಿಯಾಪದ. ನಮ್ಮ ಲಾಭ ಎಂಬ ಮಾತು ಯಾವ ಧಾತುವಿನಿಂದ ಬಂದಿದೆಯೋ ಅದೇ ಧಾತು ಅಲ್ಲಿದೆ. ಶ್ಲೋಕ ಧರ್ಮದ ಹೆಸರೆತ್ತುವುದಿಲ್ಲ, ನ್ಯಾಯದ ಹೆಸರೆತ್ತುವುದಿಲ್ಲ. ಅದು ಒಂದು ವ್ಯಾಪಾರದ ಲೆಕ್ಕ, ಎರಡು ಕಡೆಯೂ ನಷ್ಟವಿಲ್ಲದ ಲೆಕ್ಕ. ಆದರೆ ಗೆದ್ದವನೆಂದರೆ ಯಾರು? ಸೋರೆಮಡಿಯಲ್ಲಿ ಬದುಕುಳಿದ ಬಿಲ್ಲಾಳಿಗೆ ಲಕ್ಷ್ಮಿ ಒಲಿದಳೆಂದು ಯಾವ ಶಾಸನವೂ ಹೇಳುವುದಿಲ್ಲ. ಸಂಪತ್ತಿನ ಅರ್ಧಶ್ಲೋಕ ಅರಸನದು, ಸುರಾಂಗನೆಯ ಅರ್ಧಶ್ಲೋಕ ಆಳಿನದು. ಒಂದೇ ವಾಕ್ಯದಲ್ಲಿ ಇಬ್ಬರನ್ನೂ ಒಬ್ಬನೇ ಎಂಬಂತೆ ಸೇರಿಸಿದ್ದು ಆ ಶ್ಲೋಕದ ಜಾಣ್ಮೆ.

ಇನ್ನು ಕೊಡಗೆ. ನಮ್ಮ ಸೀಮೆಯ ಕಲ್ಲುಗಳ ಬರಹ ಬಹುತೇಕ ಚಿಕ್ಕದು. ಯುದ್ಧ ಮತ್ತು ಪ್ರತಿಫಲದ ಪೂರ್ತಿ ಲೆಕ್ಕ ಬೇಕಾದರೆ ಸ್ವಲ್ಪ ದಕ್ಷಿಣಕ್ಕೆ, ಇದೇ ಗಂಗ-ನೊಳಂಬ ರಾಜಕಾರಣದ ನೆಲವಾದ ಬೇಗೂರಿಗೆ ಬರಬೇಕು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಹೇಳುವುದಿಷ್ಟು: ಅಯ್ಯಪದೇವನು ವೀರಮಹೇಂದ್ರನ ಮೇಲೆ ಕಾದುವಾಗ ಗಂಗ ಎರೆಯಪ್ಪನು ನೆರವಿಗೆಂದು ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದ, ತುಂಬೆಪಾಡಿಯಲ್ಲಿ ನಾಗತ್ತರ ಸತ್ತ, ಅದನ್ನು ಕೇಳಿದ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಜಗಳ ಅಯ್ಯಪದೇವನದು, ಅಪ್ಪಣೆ ಎರೆಯಪ್ಪನದು, ಸಾವು ನಾಗತ್ತರನದು, ಹಳ್ಳಿಗಳು ಇರುಗನವು. ಕಲ್ಲಿನ ಶಿಲ್ಪದಲ್ಲಿ ಆನೆಗಳೂ ಕುದುರೆಗಳೂ ಬಿದ್ದ ಆಳುಗಳೂ ಇದ್ದಾರೆ. ಬಿದ್ದವರಲ್ಲಿ ಹೆಸರಿರುವುದು ನಾಯಕನಿಗೆ ಮಾತ್ರ. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಈ ಪಾರಿಭಾಷಿಕ ಪದಗಳಲ್ಲಿ ಕೊನೆಯದು ಎಷ್ಟು ನೇರವಾಗಿದೆ ಎಂಬುದನ್ನು ನೋಡಬೇಕು. ರಕ್ತಕ್ಕೆ ಭೂಮಿ. ಶಾಸನಕಾರರಿಗೆ ಇದನ್ನು ಮುಚ್ಚಿಡಬೇಕೆಂದು ಅನ್ನಿಸಿಲ್ಲ. ಮುಚ್ಚಿದವರು ನಂತರದ ನಾವು.

ಕೊಡಗೆಯ ಹಿಂದಿನಿಂದ ಶಾಪಾಶಯ ಬರುತ್ತದೆ. ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಮಾತು ಎಲ್ಲ ದಾನಶಾಸನಗಳಲ್ಲೂ ಇರುವಂಥದೇ. ಆದರೆ ವೀರಗಲ್ಲಿನ ಮೇಲೆ ಅದು ನಿಂತಾಗ ಬೇರೆ ಧ್ವನಿ ಹೊರಡುತ್ತದೆ. ದನವನ್ನು ಉಳಿಸಲು ಸತ್ತವನ ಮಗನಿಗೆ ಸಿಕ್ಕ ತುಂಡು ನೆಲವನ್ನು ಕಸಿಯಬೇಡಿರೆಂದು ದನದ ಹತ್ಯೆಯ ಭಯವನ್ನು ತೋರಿಸಬೇಕಾಗಿದೆ. ಕಸಿಯುವವರು ಯಾರು? ಶತ್ರುವಲ್ಲ; ಅದೇ ಊರಿನ ಪ್ರಬಲರು, ಮುಂದಿನ ಅರಸ, ಅವನ ಅಧಿಕಾರಿ. ಬಲಿದಾನದ ಬೆಲೆ ಎಷ್ಟು ಕಾಲ ಉಳಿಯುತ್ತದೆಂಬ ಬಗ್ಗೆ ಕಲ್ಲನ್ನು ಕಂಡರಿಸಿದವರಿಗೇ ನಂಬಿಕೆಯಿರಲಿಲ್ಲ.

ಈ ಲೆಕ್ಕದಿಂದ ಕವಿಗಳು ಹೊರಗಿದ್ದರೆಂದು ಭಾವಿಸಬಾರದು. ಪಂಪ ಕವಿಯೂ ಹೌದು, ಕಲಿಯೂ ಹೌದು. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಅವನಿಗೆ ಧರ್ಮವುರವೆಂಬ ಅಗ್ರಹಾರ ದೊರೆಯಿತು. ಇದು ಪಂಪನ ಕೊಡಗೆ. ಹೀಗೆನ್ನುವುದರಿಂದ ಆದಿಕವಿಯ ಘನತೆಗೆ ಕುಂದಿಲ್ಲ. ಏಕೆಂದರೆ ಯುದ್ಧದ ಒಳಗಿನ ಸಾಲಸಂಬಂಧವನ್ನು ಅವನಷ್ಟು ಆಳವಾಗಿ ಕಂಡವರು ವಿರಳ. ಅವನ ಕರ್ಣ ದುರ್ಯೋಧನನನ್ನು ಬಿಡದಿರುವುದು ದುರ್ಯೋಧನನ ಪಕ್ಷ ನ್ಯಾಯದ್ದೆಂಬ ಕಾರಣಕ್ಕಲ್ಲ, ಉಂಡ ಋಣಕ್ಕಾಗಿ. ಶಾಸನಗಳ ಜೋಳವಾಳಿಯ ಪರಿಕಲ್ಪನೆಯೂ ಇದೇ. ಅನ್ನಕ್ಕೆ ಪ್ರತಿಯಾಗಿ ಪ್ರಾಣ. ಋಣ ತೀರಿಸುವುದು ದೊಡ್ಡ ಗುಣವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಜೋಳವನ್ನು ಬೆಳೆದವನು ಅರಸನಲ್ಲವೆಂಬ ಸಣ್ಣ ಸಂಗತಿಯನ್ನು ಹಳಗನ್ನಡದ ವೀರಕಾವ್ಯ ಮರೆಯಿತು. ಯುದ್ಧ ಮುಗಿದ ರಣಭೂಮಿಯಲ್ಲಿ ಹೆಸರಿಲ್ಲದ ಸೈನಿಕರಿಗೂ ಹೆಂಗಸರಿಗೂ ಮಾತು ಕೊಡಲು ಕನ್ನಡ 1931ರ ಕುವೆಂಪು ಅವರ 'ಸ್ಮಶಾನ ಕುರುಕ್ಷೇತ್ರಂ' ನಾಟಕದವರೆಗೆ ಕಾಯಬೇಕಾಯಿತು.

ಹೆಂಗಸರ ಮಾತು ಬಂದುದರಿಂದ ಮಾಸ್ತಿಕಲ್ಲನ್ನು ಮರೆಯಲಾಗದು. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಒಂದು ತೋಳು. ಮುಖ ಕೂಡ ಇಲ್ಲದಿರಬಹುದು. ವಿಧವೆಯಾಗಿ ಬಾಳಬೇಕಾದವಳ ಬಳೆ ಒಡೆಯದೆ ಉಳಿಯಿತೆಂಬುದೇ ಅಲ್ಲಿನ ಹೆಮ್ಮೆ. ವೀರಗಲ್ಲಿನ ಸತ್ತವನಿಗೆ ಸುರಾಂಗನೆ ದೊರಕುವಳೆಂದು ಹೇಳುವ ಸಂಸ್ಕೃತಿಯೇ ಅವನ ಹೆಂಡತಿಯನ್ನು ಬೆಂಕಿಗೆ ಕಳುಹಿಸಿತು ಎಂಬ ವೈರುಧ್ಯದ ಬಗ್ಗೆ ನಮ್ಮ ಸಂಶೋಧನೆ ಅಷ್ಟಾಗಿ ತಲೆಕೆಡಿಸಿಕೊಂಡಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು, ಜನ ತಾತಯ್ಯನೆಂದು ಕರೆಯುವ ಯೋಗಿ, ಬಳೆ ಮಾರುತ್ತಿದ್ದವರು. ಪರಂಪರೆ ಅವರ ಕಾಲವನ್ನು 1726ರಿಂದ 1836 ಎಂದು ಹೇಳುತ್ತದೆ. ಅದು ಸರಿಯಾದರೆ ಮೈಸೂರಿನ ನಾಲ್ಕು ಯುದ್ಧಗಳೂ ಅವರ ಜೀವಿತದೊಳಗೇ ನಡೆದಿವೆ. ಬಳೆಯ ಮಲಾರ ಹೊತ್ತು ಊರೂರು ತಿರುಗಿದವನಿಗೆ ಯಾವ ಊರಿನಲ್ಲಿ ಎಷ್ಟು ಕೈಗಳು ಬರಿದಾಗಿವೆ ಎಂಬುದು ಯಾವ ಬಖೈರಿಗಿಂತಲೂ ನಿಖರವಾಗಿ ತಿಳಿದಿರಬೇಕು. ಇದು ನನ್ನ ಊಹೆ, ದಾಖಲೆಯಲ್ಲ. ಇದೇ ಕೈವಾರವನ್ನು ಜನ ಏಕಚಕ್ರಪುರವೆಂದೂ ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂದೂ ನಂಬುತ್ತಾರೆ. ಸರದಿಯ ಮೇಲೆ ಮನೆಗೊಬ್ಬರನ್ನು ನುಂಗುತ್ತಿದ್ದವನ ವಧೆ ಸಮರ್ಥನೀಯ ಹಿಂಸೆಗೆ ಅತ್ಯಂತ ಸರಳವಾದ ಉದಾಹರಣೆ. ಅಲ್ಲಿಯೂ ಲಾಭದ ಭಾಗವಿದೆ. ಬಂಡಿ ಅನ್ನ ಭೀಮನ ಹೊಟ್ಟೆ ಸೇರಿತು. ಅಷ್ಟು ಸಣ್ಣ, ಅಷ್ಟು ಬಹಿರಂಗವಾದ ಲಾಭವನ್ನು ಯಾರೂ ಆಕ್ಷೇಪಿಸಲಾರರು.

18ನೆಯ ಶತಮಾನಕ್ಕೆ ಬಂದರೆ ಲೆಕ್ಕದ ಗಾತ್ರ ಬದಲಾಗುತ್ತದೆ. ಸಿರಾ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಬಳಿಕ ಹೈದರ್ ಅಲಿ 1762ರ ಸುಮಾರಿಗೆ ಚಿಕ್ಕಬಳ್ಳಾಪುರದ ಪಾಳೆಯಗಾರನ ಮೇಲೆ ಬಂದ. ಪಾಳೆಯಗಾರ ಹಣ ಕೊಡಲು ಒಪ್ಪಿ, ಸೇನೆ ಹಿಂತಿರುಗಿದ ಮೇಲೆ ಗುತ್ತಿಯ ಮುರಾರಿರಾವನ ದಂಡನ್ನು ಕೋಟೆಯೊಳಕ್ಕೆ ಬಿಟ್ಟುಕೊಂಡ. ಹೈದರ್ ಮತ್ತೆ ಬಂದು ಕೋಟೆಯನ್ನೂ ಸೀಮೆಯನ್ನೂ ವಶಪಡಿಸಿಕೊಂಡ. ಪಾಳೆಯಗಾರನ ದ್ರೋಹವೆಂದೋ ಹೈದರನ ಆಕ್ರಮಣವೆಂದೋ ಇತಿಹಾಸಕಾರರು ಪಕ್ಷ ಹಿಡಿಯುತ್ತಾರೆ. ಒಪ್ಪಂದದ ಹಣವನ್ನು ಹೊಂದಿಸಬೇಕಾಗಿದ್ದ ರೈತನಿಗೆ ಆ ಭೇದ ಎಷ್ಟರಮಟ್ಟಿಗೆ ಅರ್ಥಪೂರ್ಣವಾಗಿತ್ತು? 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೇನೆಯ ಭಾಗವೊಂದು ಜನರಲ್ ಮೆಡೋಸನ ಮುಂದಾಳತ್ವದಲ್ಲಿ ನಂದಿದುರ್ಗವನ್ನು ಏರಿ ಹಿಡಿಯಿತು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಕೇಳಿದ್ದು ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ. 1799ರ ಕೊಳ್ಳೆಯ ಹಂಚಿಕೆಯಲ್ಲಿ ಸೇನಾಪತಿ ಹ್ಯಾರಿಸನ ಪಾಲು 1 ಲಕ್ಷ 40 ಸಾವಿರ ಪೌಂಡಿಗೂ ಮಿಕ್ಕಿತ್ತು. ದೇಶೀ ಸಿಪಾಯಿಯ ಪಾಲಿಗೆ ಬಂದದ್ದು ಕೆಲವೇ ಪೌಂಡು. ಪದವಿಗೆ ತಕ್ಕ ಕೊಳ್ಳೆಯೆಂಬ ಈ ಪಟ್ಟಿ ಬೇಗೂರಿನ ಕಲ್ಲಿಗಿಂತ ಪ್ರಾಮಾಣಿಕವೆನ್ನಬೇಕು, ಏಕೆಂದರೆ ಅದರಲ್ಲಿ ಬದುಕುಳಿದ ಆಳಿಗೂ ಒಂದು ಅಂಕಿಯಿದೆ.

ಇಲ್ಲಿಯವರೆಗೆ ಲಾಭ ಮೇಲಿನವರದು, ನಷ್ಟ ಕೆಳಗಿನವರದು ಎಂಬ ಸರಳ ಚಿತ್ರವೇ ಕಾಣುತ್ತದೆ. ಅದನ್ನು ಕದಡುವ ಸಂಗತಿಯೊಂದು ಶಿಡ್ಲಘಟ್ಟದಲ್ಲಿದೆ. ಮೈಸೂರು ಸೀಮೆಯ ರೇಷ್ಮೆಗೆ ರಾಜಾಶ್ರಯ ದೊರೆತದ್ದು ಟಿಪ್ಪುವಿನ ಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಭಾರತಕ್ಕೆ ಬರುವುದು ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು. ಮೈಸೂರು ಸಂಸ್ಥಾನದ ನೂಲಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಹಿಪ್ಪುನೇರಳೆ ಬೆಳೆದ ರೈತ, ತಟ್ಟೆಯಲ್ಲಿ ಹುಳು ಸಾಕಿದ ಹೆಂಗಸು, ಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆದ ಬಿಚ್ಚಾಣಿಕೆಯ ಕುಟುಂಬ ಎಲ್ಲರಿಗೂ ದೂರದ ಯುದ್ಧದಿಂದ ನಾಲ್ಕು ಕಾಸು ಸೇರಿತು. ಯುದ್ಧ ನಿಂತ ಮೇಲೆ ಬೆಲೆ ಕುಸಿಯಿತು. ಉದ್ಯಮವನ್ನು ಉಳಿಸಿಕೊಳ್ಳುವ ಪ್ರಯತ್ನಗಳ ನಡುವೆ 1949ರಲ್ಲಿ ಕೇಂದ್ರೀಯ ರೇಷ್ಮೆ ಮಂಡಳಿ ಬಂದಿತು. ಯುದ್ಧದ ಲಾಭಕೋರರನ್ನು ಕುರಿತು ಬರೆಯುವಾಗ ನಾವು ಬಂದೂಕಿನ ಕಾರ್ಖಾನೆಯ ಒಡೆಯನನ್ನಷ್ಟೇ ನೆನೆಯುತ್ತೇವೆ. ರೇಷ್ಮೆಯ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡವಳು ಆ ಗುಂಪಿಗೆ ಸೇರುವಳೆ? ಸೇರಳು ಎಂದೇ ನನ್ನ ಉತ್ತರ. ಯುದ್ಧವನ್ನು ಆರಂಭಿಸುವ, ಮುಂದುವರಿಸುವ ಅಧಿಕಾರವಿಲ್ಲದವಳಿಗೆ ಬಂದ ಕೂಲಿಯನ್ನು ಆ ಅಧಿಕಾರವಿದ್ದವರ ಲಾಭದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಆ ಕೂಲಿ ಒಂದು ಕೆಲಸ ಮಾಡುತ್ತದೆ: ಯುದ್ಧ ನಿಂತರೆ ತನಗೂ ನಷ್ಟವೆಂಬ ಅಳುಕನ್ನು ಊರೊಳಕ್ಕೆ ತರುತ್ತದೆ. 1996ರಿಂದ ಯಲಹಂಕದಲ್ಲಿ ನಡೆದುಕೊಂಡು ಬಂದಿರುವ ವೈಮಾನಿಕ ಪ್ರದರ್ಶನವನ್ನು ನೋಡಲು ಚಿಕ್ಕಬಳ್ಳಾಪುರದ ಕಡೆಯಿಂದಲೂ ಜನ ಸಂಸಾರಸಮೇತ ಹೋಗುತ್ತಾರೆ. ಅದು ಯುದ್ಧವಿಮಾನಗಳ ಸಂತೆಯೂ ಹೌದೆಂಬುದು ಮಕ್ಕಳಿಗೆ ತಿಳಿಯುವುದಿಲ್ಲ.

ಲಾಭದಲ್ಲಿ ಪಾಲೇ ಇಲ್ಲದವನ ನೋಟ ಹೇಗಿರುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿಯೇ ಒಂದು ಪಠ್ಯವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ಉತ್ತರ ಪಿನಾಕಿನಿಯ ದಡದ ಕ್ಷೇತ್ರ. ಮೈತ್ರೇಯರಿಂದ ಪಡೆದ ಅಶ್ವತ್ಥವನ್ನು ವಿದುರ ಇಲ್ಲಿ ನೆಟ್ಟನೆಂಬುದು ಸ್ಥಳಪುರಾಣ. ಭಾಗವತದ 3ನೆಯ ಸ್ಕಂಧದಲ್ಲಿ ದಾಸಿಯ ಮಗನೆಂಬ ನಿಂದೆಗೆ ಗುರಿಯಾದ ವಿದುರ ಬಿಲ್ಲನ್ನು ಅರಮನೆಯ ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ಹೊರಡುತ್ತಾನೆ, ಕುರುಕ್ಷೇತ್ರದಲ್ಲಿ ಅವನಿಲ್ಲ. ಭೀಷ್ಮ, ದ್ರೋಣ, ಕೃಪರಿಗೂ ಯುದ್ಧ ತಪ್ಪೆಂದು ಗೊತ್ತಿತ್ತು; ಅವರು ಅನ್ನದ ಋಣವನ್ನು ಮುಂದೊಡ್ಡಿ ಕಾದಿದರು. ವಿದುರನೂ ಅದೇ ಅನ್ನ ಉಂಡವನೇ. ಆದರೆ ಕುರುವಂಶದ ರಕ್ತ ಹಂಚಿಕೊಂಡೂ ದಾಸಿಯಲ್ಲಿ ಹುಟ್ಟಿದ್ದರಿಂದ ರಾಜ್ಯದ ಮೇಲೆ ಅವನಿಗೆ ಹಕ್ಕಿರಲಿಲ್ಲ. ಗೆದ್ದರೂ ಸೋತರೂ ಅವನಿಗೆ ಬರುವುದೇನೂ ಇರಲಿಲ್ಲ. ಯುದ್ಧ ಬೇಡವೆಂದು ಮೊದಲಿನಿಂದ ಕೊನೆಯವರೆಗೆ ಒಂದೇ ದನಿಯಲ್ಲಿ ಹೇಳಿದ್ದು ಅವನ ಧರ್ಮಜ್ಞಾನದಿಂದ ಮಾತ್ರವೇ, ಅಥವಾ ಪಾಲಿಲ್ಲದವನ ಸ್ಪಷ್ಟತೆಯಿಂದಲೂ ಬಂದುದೇ? ನಮ್ಮ ವ್ಯಾಖ್ಯಾನಕಾರರು ಮೊದಲನೆಯದನ್ನೇ ಒತ್ತಿ ಹೇಳಿದ್ದಾರೆ. ಸ್ಥಳಪುರಾಣ ಕಟ್ಟಿದ ಜನ ಎರಡನೆಯದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಗೆದ್ದ ಪಾಂಡವರ ಹೆಸರಿನಲ್ಲಿ ಗುಡ್ಡ, ಗುಹೆಗಳು ನಾಡಿನ ಎಲ್ಲೆಡೆ ಇವೆ. ಬಿಲ್ಲು ಕೆಳಗಿಟ್ಟವನ ಹೆಸರಿನ ಕ್ಷೇತ್ರಗಳು ತೀರ ಅಪರೂಪ. ಅಲ್ಲಿ ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ನಾಗರಕಲ್ಲುಗಳನ್ನು ನಿಲ್ಲಿಸುತ್ತಾರೆ. ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳ ಸೀಮೆಯಲ್ಲಿ ಹುಟ್ಟಬೇಕಾದವರಿಗಾಗಿ ನಿಲ್ಲಿಸಿದ ಕಲ್ಲುಗಳ ಅಂಥ ದೊಡ್ಡ ಸಂದಣಿ ಇನ್ನೊಂದನ್ನು ನಾನು ಕಾಣೆ.

ಆ ಸ್ಥಳದಲ್ಲಿಯೇ 1938ರ ಏಪ್ರಿಲ್ 25ರಂದು ಗುಂಡು ಹಾರಿತು. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹದ ಬೆನ್ನಲ್ಲೇ ಇಲ್ಲಿ ನಿಷೇಧಾಜ್ಞೆಯಿತ್ತು. ಅದನ್ನು ಮೀರಿ ಜನ ಸೇರಿದ್ದರು. ಇದು ಯುದ್ಧವಲ್ಲ, ಒಂದು ಕಡೆ ಆಯುಧವೇ ಇರಲಿಲ್ಲ. ಆದರೂ ಪ್ರಸ್ತುತ ಚರ್ಚೆಯೊಳಕ್ಕೆ ಅದು ಬರುವುದು ಎರಡು ಕಾರಣಗಳಿಂದ. ಗುಂಡು ಹಾರಿಸಿದ ಪೊಲೀಸನೂ ಸೋರೆಮಡಿಯ ಬಿಲ್ಲಾಳಿನಂತೆ ಬೆಸವನ್ನು ಪಾಲಿಸಿದವನು. ಪ್ರಭುತ್ವ ಆ ಬೆಸಕ್ಕೆ ಕೊಟ್ಟ ಹೆಸರೂ ಹಳೆಯದೇ, ರಕ್ಷಣೆ. ಈ ಬಾರಿ ರಕ್ಷಿಸಬೇಕಾದದ್ದು ತುರುವಲ್ಲ, ಶಾಂತಿ ಮತ್ತು ಸುವ್ಯವಸ್ಥೆ. ಇನ್ನೊಂದು, ಸತ್ತವರ ಲೆಕ್ಕ. ಸರ್ಕಾರದ ಪ್ರಕಾರ 10 ಮಂದಿ. ಜನರ ಪ್ರಕಾರ 30ಕ್ಕೂ ಹೆಚ್ಚು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಕೈದಿಗಳ ಬಿಡುಗಡೆಗೆ ಸರ್ಕಾರ ಒಪ್ಪಿತು. ಸಮಾರಂಭಗಳಲ್ಲಿ ಕಾಂಗ್ರೆಸ್ಸಿನ ಧ್ವಜವನ್ನು ಮೈಸೂರಿನ ಧ್ವಜದ ಜೊತೆಗೆ ಹಾರಿಸಬಹುದೆಂದೂ ತೀರ್ಮಾನವಾಯಿತು.